ನಲವತ್ತೊಂದು ದಿನ ಹೋಗದ ಬ್ಯಾಕಪ್ಪು

ಟಿ. ನರಸೀಪುರದ ಡಯಾಲಿಸಿಸ್ ಘಟಕದ ಟೆಕ್ನೀಷಿಯನ್ ಫೋನ್ ಮಾಡಿದಾಗ ನಾನು ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ಕಟ್ಟಿಸಿಕೊಳ್ಳುತ್ತಿದ್ದೆ.

"ಮೇಡಂ, ಒಂದು ತಪ್ಪಾಗೋಗಿದೆ. ನಮ್ಮಲ್ಲಿ ಇಬ್ರು ಮಾದಮ್ಮ ಇದಾರಲ್ಲ, ಇಬ್ರನ್ನೂ ಒಂದೇ ಫೈಲಿಗೆ ಸೇರಿಸ್ಬಿಟ್ಟಿದೀನಿ. ಹಳೇದು ವಾಪಸ್ ತೆಗ್ದುಕೊಡೋಕಾಗುತ್ತಾ?"

"ಆಗುತ್ತೆ. ಬ್ಯಾಕಪ್ಪಿಂದ ತೆಗೀತೀನಿ. ಹೆಂಗಿದ್ರೂ ಪ್ರಿಂಟರ್ ನೋಡೋಕೆ ಅಲ್ಲಿಗೇ ಬರ್ತಿದೀನಿ, ಗಾಬರಿ ಮಾಡ್ಕೋಬೇಡಿ," ಎಂದೆ.

ಗಾಬರಿ ಬೇಡ ಎಂದು ಅಷ್ಟು ಸಲೀಸಾಗಿ ಹೇಳಿದ್ದು ಅದೇ ಕೊನೆ.

ನಮ್ಮದು ಒಂದು ಟ್ರಸ್ಟಿನ ಆಸ್ಪತ್ರೆ. ನಂಜನಗೂಡಿನಲ್ಲಿ ಮುಖ್ಯ ಕಟ್ಟಡ, ಟಿ. ನರಸೀಪುರದಲ್ಲಿ ಡಯಾಲಿಸಿಸ್ ಘಟಕ. ಎರಡೂ ಕಡೆಯ ಕಂಪ್ಯೂಟರಿಗೆ ನಾನೊಬ್ಬಳೇ. ಎಲ್ಲ ರೋಗಿಗಳ ದಾಖಲೆಯೂ ನಂಜನಗೂಡಿನ ಹಳೇ ಕಟ್ಟಡದ ನೆಲಮಹಡಿಯಲ್ಲಿ, ಹೊಳೆ ಕಡೆಗೆ ಇಳಿಯುವ ಬೀದಿಯ ಪಕ್ಕದ ಒಂದು ಕೋಣೆಯಲ್ಲಿದ್ದ ಸರ್ವರಿನಲ್ಲಿ ಇರುತ್ತಿತ್ತು. ದಿನಕ್ಕೊಂದು ಸಲ ಅದರ ಪ್ರತಿ ಇಂಟರ್‌ನೆಟ್ ಮೂಲಕ ದೂರದ ಯಾವುದೋ ಊರಿನ ಕ್ಲೌಡಿಗೆ ಹೋಗಬೇಕು. ಕ್ಲೌಡಿನ ಏರ್ಪಾಡು ಬರುವ ಮೊದಲು ವಾರಕ್ಕೊಮ್ಮೆ ನಾನೇ ಒಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಂಡು, ಬ್ಯಾಗಿನಲ್ಲಿ ಹಾಕಿಕೊಂಡು, ಟಿ. ನರಸೀಪುರಕ್ಕೆ ಒಯ್ದು ಬೀರುವಿನಲ್ಲಿ ಇಟ್ಟು ಬರುತ್ತಿದ್ದೆ. ಕಪಿಲೆ ಎರಡೂ ಊರನ್ನು ಮುಟ್ಟಿಕೊಂಡೇ ಹರಿಯುತ್ತಾಳೆ, ಒಂದು ಊರಿನ ಪ್ರತಿಯನ್ನು ಇನ್ನೊಂದು ಊರಿನಲ್ಲಿಟ್ಟು ಏನು ಪ್ರಯೋಜನ ಎಂದು ಮೀಟಿಂಗಿನಲ್ಲಿ ವಾದಿಸಿ ಆ ಪದ್ಧತಿ ನಿಲ್ಲಿಸಿದವಳೂ ನಾನೇ.

ಬಸ್ಸು ಸುತ್ತೂರು ಸೇತುವೆ ದಾಟುವಾಗ ನೀರು ಕೆಂಪಗೆ, ಸೇತುವೆಯ ಹೊಟ್ಟೆಗೆ ಒಂದಾಳು ಕೆಳಗೆ ಹರಿಯುತ್ತಿತ್ತು. "ಡ್ಯಾಮಿಂದ ಇನ್ನೂ ಬುಡ್ತಾರಂತೆ," ಎಂದು ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ. ಕೇರಳದ ಕಡೆ ಮಳೆ ಜೋರಾದ ವರ್ಷವೆಲ್ಲ ಕೇಳುವ ಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಟಿ. ನರಸೀಪುರದಲ್ಲಿ ಟೆಕ್ನೀಷಿಯನ್ನರ ಮೇಜಿನಲ್ಲೇ ಕೂತು ಕ್ಲೌಡಿನ ಪ್ರತಿಯನ್ನು ತೆರೆದೆ. ಪಕ್ಕದ ಹಾಲಿನಲ್ಲಿ ಎಂಟು ಮಿಷನ್ನುಗಳೂ ನಡೆಯುತ್ತಿದ್ದವು. ನಿನ್ನೆಯ ದಿನಾಂಕವನ್ನು ಒತ್ತಿದೆ. ಫೋಲ್ಡರಿತ್ತು. ಅದರೊಳಗೆ ಸಣ್ಣಪುಟ್ಟ ಫೈಲುಗಳಿದ್ದವು. ರೋಗಿಗಳ ದಾಖಲೆ ಇರುವ ದೊಡ್ಡ ಫೈಲು ಇರಲಿಲ್ಲ. ಮೊನ್ನೆಯದನ್ನು ಒತ್ತಿದೆ. ಇರಲಿಲ್ಲ. ಹಿಂದಿನ ವಾರ, ಅದರ ಹಿಂದಿನ ವಾರ. ಒಂದೊಂದೇ ದಿನ ಹಿಂದಕ್ಕೆ ಹೋದೆ. ಕೊನೆಗೆ ಸಿಕ್ಕಿದ ಪೂರ್ತಿ ಪ್ರತಿ ನಲವತ್ತೊಂದು ದಿನ ಹಳೆಯದು.

"ಸಿಕ್ತಾ ಮೇಡಂ?" ಎಂದು ಟೆಕ್ನೀಷಿಯನ್ ಹಿಂದಿನಿಂದ ಕೇಳಿದರು.

"ಒಂದ್ ನಿಮಿಷ," ಎಂದೆ.

ಬ್ಯಾಕಪ್ ಕೆಟ್ಟರೆ ಮೇಲ್ ಬರಬೇಕಿತ್ತಲ್ಲ ಎಂದು ನನ್ನ ಮೇಲ್ ತೆರೆದೆ. ಬಂದಿದ್ದವು. ನಲವತ್ತೊಂದೂ ಬಂದಿದ್ದವು. "ಎಚ್ಚರಿಕೆಗಳೊಂದಿಗೆ ಮುಗಿದಿದೆ" ಎನ್ನುವ ಒಂದೇ ತಲೆಬರಹ. ದಿನಾ ಬರುವ ಆ ಮೇಲುಗಳು ಕಣ್ಣಿಗೆ ಬೀಳದೆ ತಾವಾಗಿಯೇ ಒಂದು ಮೂಲೆಗೆ ಹೋಗಲಿ ಎಂದು ನಾನೇ ಹಿಂದೊಮ್ಮೆ ಏರ್ಪಾಡು ಮಾಡಿಟ್ಟಿದ್ದೆ.

ಡಯಾಲಿಸಿಸ್ ರೋಗಿಗಳ ದಾಖಲೆ ಎಂದರೆ ಏನು ಎಂದು ಇಲ್ಲಿ ಹೇಳಿಬಿಡಬೇಕು. ಮೈಯಿಂದ ಎಷ್ಟು ನೀರು ತೆಗೆದು ಎಷ್ಟು ತೂಕಕ್ಕೆ ನಿಲ್ಲಿಸಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧ ಯಾರಿಗೆ ಎಷ್ಟು, ಯಾರಿಗೆ ಅದು ಆಗುವುದೇ ಇಲ್ಲ, ಯಾರ ರಕ್ತದಲ್ಲಿ ಕಾಮಾಲೆಯ ಸೋಂಕಿರುವುದರಿಂದ ಅವರನ್ನು ಪ್ರತ್ಯೇಕ ಮಿಷನ್ನಿಗೇ ಹಾಕಬೇಕು, ಇವೆಲ್ಲ ಅದರಲ್ಲಿವೆ. ವಾರಕ್ಕೆ ಎರಡು ಮೂರು ಸಲ ಬರುವ ಜನ. ನಲವತ್ತೊಂದು ದಿನದಲ್ಲಿ ತೂಕ ಬದಲಾಗಿರುತ್ತದೆ, ಔಷಧ ಬದಲಾಗಿರುತ್ತದೆ, ಹೊಸಬರು ಸೇರಿರುತ್ತಾರೆ. ಹಳೇ ಲೆಕ್ಕ ನಂಬಿ ಮಿಷನ್ ಹಾಕಿದರೆ ಮನುಷ್ಯ ಕುರ್ಚಿಯಲ್ಲೇ ಕುಸಿಯಬಹುದು.

ಆದರೂ ಸರ್ವರ್ ಇನ್ನೂ ನಂಜನಗೂಡಿನಲ್ಲಿ ನೆಟ್ಟಗಿದೆಯಲ್ಲ, ಇವತ್ತೇ ಹೊಸ ಪ್ರತಿ ಕಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಎರಡು ಆಸ್ಪತ್ರೆಗಳ ನಡುವೆ ನಾನು ಹಾಕಿದ್ದ ಖಾಸಗಿ ಕೊಂಡಿಯ ಮೂಲಕ ಅಲ್ಲಿಂದಲೇ ಸರ್ವರನ್ನು ಹೊಕ್ಕೆ. ಬ್ಯಾಕಪ್ಪನ್ನು ಕೈಯಾರೆ ಚಾಲೂ ಮಾಡಿದೆ. ಲಾಗಿನ್ ಆಯಿತು. ಸಣ್ಣ ಫೈಲುಗಳು ಹೋದವು. ದೊಡ್ಡದು ಶುರುವಾಗಿ, ಸೊನ್ನೆಯಲ್ಲೇ ನಿಂತು, ಕೆಲವು ನಿಮಿಷದ ಮೇಲೆ ಕೆಂಪು ಅಕ್ಷರ ಬಂತು: ಸಂಪರ್ಕ ಕಡಿದಿದೆ.

ಗೊತ್ತಿರುವುದೆಲ್ಲ ಮಾಡಿದೆ. ಪಾಸ್‌ವರ್ಡ್ ಬದಲಾಯಿಸಿ ಮತ್ತೆ ಕೊಟ್ಟೆ. ಸರ್ವರಿನ ಗಡಿಯಾರ ಸರಿಯಿದೆಯೇ ನೋಡಿದೆ. ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿದೆ. ಕ್ಲೌಡಿನ ಬಾಗಿಲು ತೆರೆದಿದೆಯೇ ಪರೀಕ್ಷಿಸಿದೆ, ತೆರೆದಿತ್ತು. ಅಲ್ಲಿಯವರೆಗೂ ದಾರಿ ಹೇಗಿದೆ ನೋಡೋಣವೆಂದು ಪಿಂಗ್ ಕಳಿಸಿದೆ, ಅಂದರೆ 'ಇದ್ದೀಯಾ' ಎಂದು ಕೂಗುವ ಒಂದು ಸಣ್ಣ ಕೂಗು. ಉತ್ತರವೇ ಇಲ್ಲ. ಲೈನ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ.

"ನಮ್ಮ ಕಡೆಯಿಂದ ಲೈನ್ ಚೆನ್ನಾಗಿದೆ ಮೇಡಂ. ಒಂದು ತಿಂಗಳ ಮೇಲಾಯ್ತು, ರಸ್ತೆ ಕೆಲಸದಲ್ಲಿ ಕೇಬಲ್ ಕಟ್ಟಾಗಿ ನಿಮ್ಮನ್ನ ಬೇರೆ ರೂಟಿಗೆ ಹಾಕಿದೀವಿ, ಅದೂ ಚೆನ್ನಾಗಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ," ಎಂದಿತು ಒಂದು ಹುಡುಗಿಯ ದನಿ.

ನಂಜನಗೂಡಿನ ಹೆಡ್ ಸಿಸ್ಟರ್‌ಗೆ ಫೋನ್ ಮಾಡಿ ಮೋಡೆಮ್ ಆಫ್ ಮಾಡಿಸಿ ಆನ್ ಮಾಡಿಸಿದೆ. ಅವರು ಕವಲಂದೆ ಕಡೆಯವರು, ಆ ಆಸ್ಪತ್ರೆಯಲ್ಲಿ ನನಗಿಂತ ಎಷ್ಟೋ ಹಳಬರು. ಕೆಲಸ ಮುಗಿಸಿ ಫೋನ್ ಇಡುವ ಮೊದಲು ಅವರು ಹೇಳಿದರು, "ಮೇಡಂ, ಹದಿನಾರು ಕಾಲು ಮಂಟಪ ಮುಳುಗೋಯ್ತಂತೆ. ನಾವು ಕೆಳಗಿನ ವಾರ್ಡಿನೋರ್ನೆಲ್ಲಾ ಮೇಲಕ್ಕೆ ಸಾಗಿಸ್ತಾ ಇದೀವಿ."

ಹೊಳೆಯ ಮಂಟಪ ಪೂರ್ತಿ ಮುಳುಗಿತೆಂದರೆ ಮುಂದೆ ನೀರು ಯಾವ ಬೀದಿಗೆ ಬರುತ್ತದೆ ಎನ್ನುವುದು ಊರಿನವರಿಗೆಲ್ಲ ಬಾಯಿಪಾಠ. ನಮ್ಮ ಬೀದಿ ಆ ಸಾಲಿನಲ್ಲಿ ಎರಡನೆಯದು.

ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದೆ. ಟೆಕ್ನೀಷಿಯನ್ ಬಾಗಿಲಲ್ಲೇ ತಡೆದರು. "ಎಲ್ಲಿಗೆ ಮೇಡಂ? ಸುತ್ತೂರು ಸೇತುವೆ ಮೇಲೆ ನೀರು ಬಂದೈತೆ, ಬಸ್ ನಿಂತೋಗಿದೆ. ಮೈಸೂರು ಸುತ್ತಾಕಂಡು ಓಗಣ ಅಂದ್ರೆ ಮಲ್ಲನಮೂಲೆ ಹತ್ರ ರೋಡೇ ಬಂದ್ ಮಾಡವ್ರೆ."

ಅಂದರೆ ಸರ್ವರ್ ಒಂದು ಊರಿನಲ್ಲಿ, ನಾನು ಇನ್ನೊಂದು ಊರಿನಲ್ಲಿ, ನಡುವೆ ಹೊಳೆ. ವಾಪಸ್ ಬಂದು ಕುರ್ಚಿಯಲ್ಲಿ ಕೂತೆ.

ಆಸ್ಪತ್ರೆಯ ಆಫೀಸಿಗೆಂದೇ ಬೇರೊಂದು ಇಂಟರ್‌ನೆಟ್ ಲೈನಿತ್ತು. ಸರ್ವರನ್ನು ಅದಕ್ಕೆ ಸಿಕ್ಕಿಸೋಣವೆಂದರೆ ಬೆಳಿಗ್ಗೆಯೇ ಕಂಬ ಬಿದ್ದು ಅದು ಸತ್ತಿತ್ತು. ಡಿಸ್ಕಿಗೆ ಪ್ರತಿ ಮಾಡಿಸೋಣವೆಂದರೆ ಇದ್ದ ಒಂದೇ ಡಿಸ್ಕು ನನ್ನ ಬ್ಯಾಗಿನಲ್ಲಿ. ಸಿಸ್ಟರ್ ತಮ್ಮ ಪೆನ್ ಡ್ರೈವ್ ಕೊಡುತ್ತೇನೆಂದರು, ಅದರಲ್ಲಿ ನಮ್ಮ ದಾಖಲೆಯ ಕಾಲು ಭಾಗವೂ ಹಿಡಿಯದು. ಉಳಿದದ್ದು ಈ ಒಂದು ಲೈನು, ಈ ಒಂದು ಕ್ಲೌಡು.

ತಲೆ ಓಡದಿದ್ದಾಗ ನಾನು ಪಟ್ಟಿ ಮಾಡುತ್ತೇನೆ. ನಲವತ್ತೊಂದು ದಿನದಲ್ಲಿ ಕ್ಲೌಡಿಗೆ ಹೋಗಿ ತಲುಪಿದ ಫೈಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಮೇಲಿನಿಂದ ಕೆಳಕ್ಕೆ ಓದಿದೆ. ಮತ್ತೊಂದು ಸಲ ಓದಿದೆ. ಅವುಗಳಲ್ಲಿ ಅತಿ ದೊಡ್ಡದೂ ಒಂದು ಕಿಲೋಬೈಟನ್ನು ಅಷ್ಟಿಷ್ಟು ದಾಟಿತ್ತು, ಅಷ್ಟೆ. ಅದಕ್ಕಿಂತ ದೊಡ್ಡದು ಒಂದಾದರೂ ಇಲ್ಲ. ಲೈನು ಸಾಯುತ್ತ ಬದುಕುತ್ತ ಇದ್ದಿದ್ದರೆ ಅಪ್ಪಿತಪ್ಪಿ ಒಂದಾದರೂ ದೊಡ್ಡ ಫೈಲು ದಾಟಿರಬೇಕಿತ್ತು. ಇಷ್ಟು ಕರಾರುವಾಕ್ಕಾಗಿ ಒಂದೇ ಗಾತ್ರಕ್ಕೆ ನಿಲ್ಲುತ್ತಿದೆ ಎಂದರೆ ದಾರಿಯಲ್ಲಿ ಎಲ್ಲೋ ಗಾತ್ರದ ಮಿತಿಯಿದೆ.

ನೆಟ್‌ವರ್ಕಿನಲ್ಲಿ ಎಂಥ ಫೈಲನ್ನೂ ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾಡಿ ಕಳಿಸುತ್ತಾರೆ. ಆ ಕಟ್ಟಿಗೊಂದು ಗರಿಷ್ಠ ಗಾತ್ರವಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ರೈಲ್ವೆ ಅಂಡರ್‌ಪಾಸಿಗೆ ಬಂದಾಗ ಲೋಡು ಎತ್ತರವಾದರೆ ಅಲ್ಲಿನವನು 'ಇಳಿಸ್ಕೊಂಡ್ ಬಾ' ಎಂದು ಹಿಂದಕ್ಕೆ ಹೇಳಿ ಕಳಿಸುತ್ತಾನಲ್ಲ, ಹಾಗೆ ದಾರಿಯ ಯಂತ್ರಗಳೂ ಹೇಳಿ ಕಳಿಸುತ್ತವೆ. ಕಂಪನಿಯವರು ಹಾಕಿದ ಹೊಸ ರೂಟಿನಲ್ಲಿ ಅಂಥದೊಂದು ತಗ್ಗಿನ ಜಾಗ ಇರಬೇಕು. ಹಾಗಿದ್ದರೆ 'ಇಳಿಸ್ಕೊಂಡ್ ಬಾ' ಎನ್ನುವ ಮಾತು ನಮ್ಮ ಸರ್ವರಿಗೆ ಯಾಕೆ ಕೇಳಲಿಲ್ಲ?

ಪಿಂಗಿಗೂ ಉತ್ತರ ಬಂದಿರಲಿಲ್ಲ. ಆಗ ನೆನಪಾಯಿತು. ಹಿಂದಿನ ವರ್ಷ ಸುರಕ್ಷತೆಯ ಒಂದು ಪಟ್ಟಿ ನೋಡಿಕೊಂಡು, ಹೊರಗಿನವರ ಪಿಂಗ್ ಒಳಗೆ ಬರಬಾರದೆಂದು ನಮ್ಮ ಲೈನಿನ ಬಾಗಿಲು ಕಾಯುವ ಫೈರ್‌ವಾಲಿನಲ್ಲಿ ಒಂದು ಟಿಕ್ ಹಾಕಿದ್ದೆ. ಪಿಂಗೊಂದನ್ನೇ ತಡೆಯುವ ಬದಲು ಆ ಜಾತಿಯ ಸಂದೇಶಗಳನ್ನೆಲ್ಲ ಒಟ್ಟಿಗೆ ತಡೆಯುವ ಟಿಕ್ ಅದು. 'ಇಳಿಸ್ಕೊಂಡ್ ಬಾ' ಎನ್ನುವ ಸಂದೇಶವೂ ಅದೇ ಜಾತಿಯದು. ಹಳೇ ದಾರಿಯಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ದಾರಿ ಬದಲಾದ ದಿನದಿಂದ ಅದು ಬಂದು ಬಂದು ನಮ್ಮ ಬಾಗಿಲಿಗೆ ಬಡಿದು ವಾಪಸ್ಸಾಗಿದೆ. ಎರಡು ಆಸ್ಪತ್ರೆಗಳ ನಡುವಿನ ಕೊಂಡಿಗೆ ಮಾತ್ರ ನಾನು ಮೊದಲೇ ಚಿಕ್ಕ ಕಟ್ಟು ಗೊತ್ತುಮಾಡಿದ್ದೆ. ಅದಕ್ಕೇ ದಿನದ ಕೆಲಸ ಎಲ್ಲೂ ನಿಲ್ಲಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಕಾರಣ ಸಿಕ್ಕಿತೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ಎಲ್ಲೋ ದೂರದ ಯಾರದೋ ತಪ್ಪು ಎಂದುಕೊಂಡದ್ದು ನನ್ನ ಬೆರಳಿನದೇ ಆಗಿತ್ತು.

ಸರಿಪಡಿಸಲು ಎರಡು ದಾರಿಯಿದ್ದವು. ಫೈರ್‌ವಾಲಿನ ಆ ಟಿಕ್ ತೆಗೆಯುವುದು ಸರಿಯಾದ ದಾರಿ. ಆದರೆ ಅದೇ ಫೈರ್‌ವಾಲಿನ ಮೂಲಕವೇ ನಾನು ಒಳಗೆ ಹೋಗಿದ್ದೆ. ಕೂತ ಕೊಂಬೆಗೇ ಕೊಡಲಿ ಹಾಕಿದ ಹಾಗೆ, ಕೈ ತಪ್ಪಿದರೆ ಮತ್ತೆ ಒಳಗೆ ಹೋಗಲಾರೆ. ಇನ್ನೊಂದು, ಸರ್ವರಿನಲ್ಲೇ ಒಂದು ಆಜ್ಞೆ ಕೊಟ್ಟು ಕಟ್ಟಿನ ಗಾತ್ರವನ್ನು ಮೊದಲೇ ಚಿಕ್ಕದು ಮಾಡುವುದು. ಅದನ್ನೇ ಮಾಡೋಣವೆಂದು ಅಕ್ಷರ ಹೊಡೆಯತೊಡಗಿದೆ. ಅರ್ಧದಲ್ಲಿ ಪರದೆ ಕಲ್ಲಾಯಿತು.

"ಮೇಡಂ, ನೆಟ್ ಓಯ್ತು," ಎಂದು ಟೆಕ್ನೀಷಿಯನ್ ಹಾಲಿನಿಂದ ಕೂಗಿದರು. ಟಿ. ನರಸೀಪುರದಲ್ಲೂ ನೀರು ತಗ್ಗಿನ ಬೀದಿಗಳಿಗೆ ನುಗ್ಗಿತ್ತು. ನಮ್ಮ ಕಡೆಯ ಲೈನೇ ಹೋಗಿತ್ತು. ಕೈಯಲ್ಲಿ ಉಳಿದದ್ದು ಫೋನು, ಅದರಿಂದ ಆ ಖಾಸಗಿ ಕೊಂಡಿ ಹಿಡಿಯಲಾಗದು.

ಮೈಸೂರಿನಲ್ಲಿದ್ದ ದೊಡ್ಡ ಡಾಕ್ಟರಿಗೆ, ಅಂದರೆ ನಮ್ಮ ಟ್ರಸ್ಟಿನ ಮುಖ್ಯಸ್ಥರಿಗೆ, ಮೊದಲು ಫೋನ್ ಮಾಡಿದೆ. ನಲವತ್ತೊಂದು ದಿನದಿಂದ ಬ್ಯಾಕಪ್ ಇಲ್ಲ ಎಂದೆ, ಕಾರಣ ಲೈನೂ ಹೌದು, ನಾನೂ ಹೌದು ಎಂದೆ.

"ಬೈಯೋದು ಆಮೇಲೆ ಬೈತೀನಮ್ಮ. ಈಗ ಏನು ಮಾಡಬೇಕು ಹೇಳು."

"ಸರ್ವರ್ ಕೋಣೆಗೆ ಹೋಗಿ ಒಂದು ಸಾಲು ಟೈಪ್ ಮಾಡಬೇಕು ಸಾರ್. ಈಗ ಕೆಳಗಿರೋದು ಸಿಸ್ಟರ್ ಮತ್ತೆ ವಾಚ್‌ಮನ್ ಇಬ್ರೇ, ಉಳಿದೋರು ಮೇಲೆ ರೋಗಿಗಳ ಜೊತೆ ಇದಾರೆ. ಮುಖ್ಯ ಪಾಸ್‌ವರ್ಡನ್ನ ಫೋನಿನಲ್ಲಿ ಹೇಳಬೇಕಾಗುತ್ತೆ. ಹೇಳಬಾರದು ಅಂತ ನಾನೇ ನಿಯಮ ಮಾಡಿದ್ದೆ."

"ಹೇಳು. ಆದ್ರೆ ನೀರು ಕೋಣೆಗೆ ಬಂದ್ರೆ ಆಕೆ ಅಲ್ಲಿರಕೂಡದು. ಅದಕ್ಕೆ ನೀನು ಜವಾಬ್ದಾರಿ."

ಸಿಸ್ಟರ್ ಸರ್ವರ್ ಕೋಣೆಗೆ ಬಂದರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಮೇಡಂ, ನಾನು ಇದನ್ನ ಯಾವತ್ತೂ ಮುಟ್ಟಿಲ್ಲ. ಸುಟ್ಟುಗಿಟ್ಟೋದ್ರೆ?"

"ಸುಡಲ್ಲ ಸಿಸ್ಟರ್. ಈಗ ನೀರೆಲ್ಲಿದೆ?"

"ಬೀದಿಗೆ ಬಂದೈತೆ. ನಮ್ಮ ಮೆಟ್ಟಿಲು ಐದರಲ್ಲಿ ಒಂದು ಮುಳುಗೈತೆ."

ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದೆ. ಎರಡು ಸಲ ತಪ್ಪಾಯಿತು. ಐದನೇ ಸಲಕ್ಕೆ ಅದು ಬೀಗ ಹಾಕಿಕೊಳ್ಳುತ್ತದೆ ಎನ್ನುವುದನ್ನು ನಾನು ಸಿಸ್ಟರ್‌ಗೆ ಹೇಳಲಿಲ್ಲ. ಮೂರನೇ ಸಲ ಒಳಗೆ ಹೋದರು. ಕಪ್ಪು ಕಿಟಕಿ ತೆರೆಸಿದೆ. ಆಮೇಲೆ ಆ ಸಾಲು.

"ಎನ್. ನಂಜನಗೂಡಿನ ಎನ್."

"ಹಾಕ್ದೆ."

"ಇ. ಈರುಳ್ಳಿ... ಬೇಡ ಬೇಡ, ಇಂಜೆಕ್ಷನ್ನಿನದಲ್ಲ, ಎಮರ್ಜೆನ್ಸಿ ಅಂತ ಬೋರ್ಡಿದೆಯಲ್ಲ, ಅದರ ಮೊದಲನೇ ಅಕ್ಷರ."

"ಎಮರ್ಜೆನ್ಸಿ ಇ. ಹಂಗೇಳಿ, ಗೊತ್ತಾಯ್ತದೆ."

ಅಲ್ಲಿಂದ ಮುಂದೆ ಆಸ್ಪತ್ರೆಯ ಮಾತಿನಲ್ಲೇ ಹೇಳಿದೆ. ಟ್ಯಾಬ್ಲೆಟ್ಟಿನ ಟಿ, ಸಿರಿಂಜಿನ ಎಸ್. ಸಿಸ್ಟರ್ ಔಷಧದ ಚೀಟಿ ಓದುವವರ ಹಾಗೆ ಪ್ರತಿ ಅಕ್ಷರವನ್ನೂ ತಿರುಗಿ ಹೇಳುತ್ತಿದ್ದರು, ನಾನು ಹೂಂ ಎಂದ ಮೇಲೇ ಮುಂದಕ್ಕೆ. ಕೊನೆಯಲ್ಲಿ ಕಟ್ಟಿನ ಹೊಸ ಗಾತ್ರ, ಸಾವಿರದ ನಾನೂರು ಎನ್ನುವ ಅಂಕಿ. ಎಂಟರ್ ಒತ್ತಿಸುವ ಮೊದಲು ಪೂರ್ತಿ ಸಾಲನ್ನು ಓದಿಸಿದೆ. ಒಂದು ಕಡೆ ಜಾಗ ಬಿಟ್ಟಿರಲಿಲ್ಲ. ತಿದ್ದಿಸಿದೆ. ಮತ್ತೆ ಓದಿಸಿದೆ.

"ಒತ್ತಿ ಸಿಸ್ಟರ್."

"ಒತ್ತಿದೆ. ಓಕೆ ಅಂತ ಬಂತು ಮೇಡಂ."

ಬ್ಯಾಕಪ್ಪನ್ನು ಚಾಲೂ ಮಾಡಿಸಿದೆ. ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳ ಮುಂದಿನ ಟಿಕ್‌ಗಳನ್ನು ತೆಗೆಸಿ, ರೋಗಿಗಳ ದಾಖಲೆಯ ಫೈಲೊಂದನ್ನೇ ಉಳಿಸಲು ಹೇಳಿದೆ. ಎಲ್ಲವೂ ಹೋಗುವಷ್ಟು ಹೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಕ್ಲೌಡಿನ ಪುಟ ತೆರೆದು ಕಣ್ಣು ನೆಟ್ಟೆ. ಸೊನ್ನೆ. ಸೊನ್ನೆ. ಒಂದು ನಿಮಿಷ ಹೋಯಿತು. ಆಮೇಲೆ ಒಂದು ಶೇಕಡ ಎಂದು ಬಂತು. ನಲವತ್ತೊಂದು ದಿನ ದಾಟದಿದ್ದದ್ದು ದಾಟುತ್ತಿತ್ತು.

ಆಗ ಎರಡು ಗಂಟೆ ಐದು ನಿಮಿಷ. ಹೋಗುವ ವೇಗ ಲೆಕ್ಕ ಹಾಕಿದರೆ ಇನ್ನೂ ಮೂರು ಗಂಟೆ ಬೇಕು.

ಆ ಮೂರು ಗಂಟೆಯಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ, ಭಯಪಡುವುದೊಂದನ್ನು ಬಿಟ್ಟು. ಸುಮ್ಮನೆ ಕೂರಲಾರದೆ ಹಾಲಿಗೆ ಹೋಗಿ, ಅಂದು ಬಂದಿದ್ದ ಎಲ್ಲರ ವಿವರವನ್ನೂ ಟೆಕ್ನೀಷಿಯನ್ನರ ಜೊತೆ ಕಾಗದಕ್ಕೆ ಇಳಿಸಿದೆ. ಅರ್ಧ ಗಂಟೆಗೊಮ್ಮೆ ಸಿಸ್ಟರ್‌ಗೆ ಫೋನ್. ಎರಡನೇ ಮೆಟ್ಟಿಲು. ಮೂರನೇ ಮೆಟ್ಟಿಲು. ನಾಲ್ಕು ಗಂಟೆಗೆ ಅವರೇ ಮಾಡಿದರು.

"ಕರೆಂಟು ತೆಗೆದ್ರು ಮೇಡಂ. ನಿಮ್ಮ ಡಬ್ಬ ಬೀಪ್ ಬೀಪ್ ಅಂತದೆ."

ಯುಪಿಎಸ್. ಸರ್ವರಿಗೂ ಮೋಡೆಮ್ಮಿಗೂ ಅದೇ ಆಧಾರ. ತುಂಬಿದ್ದರೆ ಒಂದು ಗಂಟೆಯ ಮೇಲೆ ಸ್ವಲ್ಪ ಬರಬಹುದು. ಎಪ್ಪತ್ತು ಶೇಕಡ ಮಾತ್ರ ಹೋಗಿತ್ತು. ಯುಪಿಎಸ್ಸನ್ನು ನಾನು ಎರಡು ಇಟ್ಟಿಗೆಯ ಮೇಲೆ, ನೆಲದಲ್ಲೇ ಇಟ್ಟಿದ್ದೆ.

ನಾಲ್ಕೂವರೆಗೆ ನೀರು ಐದನೇ ಮೆಟ್ಟಿಲಿಗೆ ಬಂತು. ಹಿನ್ನೆಲೆಯಲ್ಲಿ ವಾಚ್‌ಮನ್ ಹೇಳುವುದು ಕೇಳಿಸಿತು, "ಮೇಡಮ್ಮೋರೆ, ಈಗ್ಲೇ ಆಫ್ ಮಾಡಿ ಅಂತ ಏಳಿ. ನಾನೂ ಕಾಂಪೌಂಡ್ರೂ ಸ್ಟ್ರೆಚರಿನ್ ಮ್ಯಾಲೆ ಆಕಂಡು ಮ್ಯಾಲಕ್ಕೆ ಒತ್ಕಂಡ್ ಓಗ್ಬುಡ್ತೀವಿ. ಇನ್ ಅತ್ತು ನಿಮಿಸ ಓದ್ರೆ ಆಗಲ್ಲ."

ಆ ಮಾತು ಸರಿಯಿತ್ತು. ಈಗ ಆಫ್ ಮಾಡಿ ಹೊತ್ತೊಯ್ದರೆ ಸರ್ವರ್ ಉಳಿಯುತ್ತದೆ. ಹಳೇ ಯಂತ್ರ, ಎರಡು ವರ್ಷದಿಂದ ಒಂದು ಸಲವೂ ಆರಿಸಿಲ್ಲ. ಆರಿಸಿ, ಸ್ಟ್ರೆಚರಿನಲ್ಲಿ ಅಲುಗಾಡಿಸಿ ಒಯ್ದ ಮೇಲೆ ಮತ್ತೆ ಹತ್ತುತ್ತದೆ ಎಂದು ಯಾರು ಹೇಳಬೇಕು? ಆಫ್ ಮಾಡಿದರೆ ಅರ್ಧ ಹೋದ ಪ್ರತಿಯೂ ವ್ಯರ್ಥ, ಅದು ಮೊದಲಿನಿಂದ ಶುರುವಾಗಬೇಕು. ಬಿಟ್ಟರೆ ಪ್ರತಿ ತಲುಪಬಹುದು, ಯಂತ್ರ ಹೋಗಬಹುದು. ಮುಗಿಯುವ ಮೊದಲೇ ನೀರು ಯುಪಿಎಸ್ಸಿಗೆ ಮುಟ್ಟಿದರೆ ಎರಡೂ ಹೋದವು.

ಎಂಬತ್ತೊಂದು ಶೇಕಡ.

ದೊಡ್ಡ ಡಾಕ್ಟರನ್ನು ಕೇಳೋಣವೆಂದು ಕೈ ಹೋಯಿತು. ಕೇಳಿದರೆ ಅವರೂ ನನ್ನನ್ನೇ ಕೇಳುತ್ತಾರೆ. ಇದನ್ನು ತಿಳಿದು ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಆ ಅರ್ಧ ನಿಮಿಷದ ಒಂಟಿತನ ನನಗೆ ಇವತ್ತಿಗೂ ಮರೆತಿಲ್ಲ.

"ಸಿಸ್ಟರ್, ಸರ್ವರ್ ಹಾಗೇ ಇರಲಿ. ಯಾರೂ ಏನೂ ಮುಟ್ಟಬೇಡಿ. ನೀವಿಬ್ರೂ ಈಗಲೇ ಮೇಲೆ ಹೋಗಿ."

"ಡಬ್ಬಾನಾದ್ರೂ ಎತ್ತಿ ಕುರ್ಚಿ ಮೇಲೆ ಮಡಗ್ತೀವಿ ಮೇಡಂ. ಎರಡು ನಿಮಿಷದ ಕೆಲಸ."

"ಬೇಡ! ಅದರಲ್ಲಿ ಕರೆಂಟಿದೆ, ನೆಲ ಒದ್ದೆಯಾಗಿದೆ. ಮುಟ್ಟಬೇಡಿ ಸಿಸ್ಟರ್, ನಿಮ್ಮ ದಮ್ಮಯ್ಯ. ಹೊರಗೆ ಬಂದು ಬಾಗಿಲು ಹಾಕಿ." ನಾನು ಕಿರುಚುತ್ತಿದ್ದೆನೆಂದು ಗೊತ್ತಾದದ್ದು ಹಾಲಿನಲ್ಲಿ ಮಿಷನ್ನಿಗೆ ಅಂಟಿಕೊಂಡು ಮಲಗಿದ್ದವರು ತಲೆಯೆತ್ತಿ ನೋಡಿದಾಗ.

ಫೋನಿನಲ್ಲಿ ನೀರು ತುಳಿಯುವ ಸದ್ದು, ಬಾಗಿಲು ಹಾಕಿದ ಸದ್ದು, ಮೆಟ್ಟಿಲು ಹತ್ತುವ ಏದುಸಿರು. "ಬಂದ್ವಿ ಮೇಡಂ, ಮೇಲೆ ಬಂದ್ವಿ," ಎಂದರು ಸಿಸ್ಟರ್. ಆಗ ಕೂತೆ.

ಎಂಬತ್ತೆಂಟು. ತೊಂಬತ್ತು. ತೊಂಬತ್ತು. ತೊಂಬತ್ತು. ನಿಂತುಬಿಟ್ಟಿತು ಎಂದುಕೊಂಡೆ. ತೊಂಬತ್ತೊಂದು. ಟೆಕ್ನೀಷಿಯನ್ ಒಂದು ಲೋಟ ಟೀ ತಂದಿಟ್ಟರು, ಕುಡಿದೆನೋ ಇಲ್ಲವೋ. ನನ್ನ ಫೋನಿನ ಚಾರ್ಜೂ ಇಳಿಯುತ್ತಿತ್ತು. ಐದು ಗಂಟೆ ಹನ್ನೆರಡು ನಿಮಿಷಕ್ಕೆ ನೂರು ಎಂದು ಬಂತು. ಅದರ ಕೆಳಗೆ 'ಪರಿಶೀಲಿಸಲಾಗುತ್ತಿದೆ' ಎಂದು. ಆ ಪರಿಶೀಲನೆ ಮುಗಿಯಲು ಇನ್ನೂ ನಾಲ್ಕು ನಿಮಿಷ ಹಿಡಿಯಿತು. ಕೊನೆಗೆ ಹಸಿರು ಗುರುತು ಬಂತು. ಐದೂ ಇಪ್ಪತ್ತೈದಕ್ಕೆ ಮತ್ತೆ ನೋಡಿದಾಗ ಸರ್ವರಿನ ಹೆಸರಿನ ಮುಂದೆ 'ಸಂಪರ್ಕದಲ್ಲಿಲ್ಲ' ಎಂದಿತ್ತು.

ನೀರು ಮೂರನೇ ದಿನಕ್ಕೆ ಇಳಿಯಿತು. ಕೋಣೆಯಲ್ಲಿ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ. ಯುಪಿಎಸ್ ಒಳಗೆಲ್ಲ ಮಣ್ಣು. ಸರ್ವರ್ ಮೇಜಿನ ಮೇಲೆ ಒಣಗೇ ಇತ್ತು, ಆದರೆ ಮತ್ತೆ ಹತ್ತಲಿಲ್ಲ. ಮೈಸೂರಿಗೆ ಒಯ್ದು ತೋರಿಸಿದೆ, ಡಿಸ್ಕುಗಳು ಓದುತ್ತಿಲ್ಲ ಎಂದರು. ನಲವತ್ತೊಂದು ದಿನದ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳು ಹಾಗೆಯೇ ಹೋದವು. ಹಲವರಿಗೆ ಮತ್ತೆ ತೆಗೆಯಬೇಕಾಯಿತು. ಆ ಪಟ್ಟಿಯನ್ನು ನಾನೇ ಬರೆದು, ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿದೆ.

ದಾಖಲೆಯನ್ನು ಮಾತ್ರ ಕ್ಲೌಡಿನಿಂದ ಇಳಿಸಿ, ಟಿ. ನರಸೀಪುರದಲ್ಲಿ ಹೊಸದಾಗಿ ತಂದಿಟ್ಟ ಯಂತ್ರಕ್ಕೆ ತುಂಬಿದೆ. ಪರದೆಯ ಮೇಲೆ ಎಲ್ಲ ಹೆಸರೂ ಬಂದವು. ಆದರೂ ನನಗೆ ನಂಬಿಕೆ ಬರಲಿಲ್ಲ. 'ಮುಗಿದಿದೆ' ಎಂದು ಕಂಪ್ಯೂಟರ್ ಹೇಳುವುದನ್ನು ನಲವತ್ತೊಂದು ದಿನ ನಂಬಿ ಕೂತವಳು ನಾನು. ಮಾರನೇ ಬೆಳಿಗ್ಗೆ ಮೊದಲ ಪಾಳಿಯವರು ಬಂದಾಗ ಪ್ರಿಂಟ್ ಹಿಡಿದುಕೊಂಡು ಪ್ರತಿ ಕುರ್ಚಿಯ ಹತ್ತಿರ ಹೋದೆ.

"ನಿಮ್ದು ತೂಕ ಎಷ್ಟಕ್ಕೆ ನಿಲ್ಲಿಸ್ತಾರೆ ಯಜಮಾನ್ರೇ?"

"ಐವತ್ತೆರಡೂವರೆ ಕಣವ್ವ. ಯಾಕೆ, ಗೊತ್ತಿಲ್ವಾ ನಿಮ್ಗೆ?"

ಕಾಗದದಲ್ಲೂ ಐವತ್ತೆರಡೂವರೆ. ಮುಂದಿನವರಿಗೆ ನಲವತ್ತೆಂಟು, ಕಾಗದದಲ್ಲೂ ನಲವತ್ತೆಂಟು. ಎಲ್ಲರಿಗೂ ತಮ್ಮ ತೂಕ ಬಾಯಿಪಾಠ, ಅದರ ಮೇಲೇ ಅವರ ವಾರ ನಿಂತಿರುತ್ತದೆ. ಏಳನೆಯ ಕುರ್ಚಿಯ ಹೆಂಗಸು ಮಾತ್ರ ಕಾಗದದಲ್ಲಿದ್ದದ್ದಕ್ಕಿಂತ ಅರ್ಧ ಕಿಲೋ ಕಮ್ಮಿ ಹೇಳಿದರು. ಮತ್ತೊಮ್ಮೆ ಕೇಳಿದೆ.

"ಮೊನ್ನೆ ಸೋಮವಾರ ಮಧ್ಯಾಹ್ನದ ಪಾಳೀಲಿದ್ದೆ, ಡಾಕ್ಟ್ರು ಫೋನಲ್ಲಿ ಕಮ್ಮಿ ಮಾಡ್ಸುದ್ರು ಕಣಮ್ಮ. ನೀವು ಕಿರುಚ್ತಾ ಇದ್ರಲ್ಲ, ಆವಾಗ."

ಅಂದು ನಾವು ಕೈಯಲ್ಲಿ ಬರೆದ ಕಾಗದ ತೆಗೆದು ನೋಡಿದೆ. ಹೌದು, ಟೆಕ್ನೀಷಿಯನ್ನರ ಅಕ್ಷರದಲ್ಲಿ ಇತ್ತು. ಅದನ್ನು ಸೇರಿಸಿದೆ. ಎಂಟನೆಯವರದೂ ಹೊಂದಿತು. ಒಂದೇ ಫೈಲಾಗಿದ್ದ ಇಬ್ಬರು ಮಾದಮ್ಮಂದಿರನ್ನು ಹಳೇ ಪ್ರತಿಯನ್ನೂ ಕಾಗದವನ್ನೂ ನೋಡಿ ಬೇರೆ ಬೇರೆ ಮಾಡಿದೆವು.

ಏಳು ಗಂಟೆಗೆ ಹತ್ತಬೇಕಿದ್ದ ಮಿಷನ್ನುಗಳು ಏಳೂ ಇಪ್ಪತ್ತಕ್ಕೆ ಹತ್ತಿದವು. ಟೆಕ್ನೀಷಿಯನ್ ದಿನದ ರಿಜಿಸ್ಟರ್ ತೆರೆದು ಕೂತರು. ತಡವಾದರೆ ಕಾರಣ ಬರೆಯಲು ಅದರಲ್ಲೊಂದು ಕಾಲಮ್ಮಿದೆ.

"ಏನಂತ ಬರೀಲಿ ಮೇಡಂ? ನೆಟ್ ಪ್ರಾಬ್ಲಂ ಅಂತ ಹಾಕ್ಬಿಡ್ಲಾ?"

"ಬೇಡ," ಎಂದೆ. "ನನ್ನ ಹೆಸರು ಬರೀರಿ."